ಚಾರ್ಜಿಂಗ್ ಸರದಿ ಮತ್ತು ಬಳಕೆದಾರರ ನಿಜ ಮಾಹಿತಿ

ಒಂದೇ ನಿಲುಗಡೆಯಲ್ಲಿ ಹಲವು ವಿದ್ಯುತ್ ವಾಹನಗಳು ಚಾರ್ಜ್ ಆಗುವಾಗ ಯಾವುದಕ್ಕೆ ಯಾವಾಗ ವಿದ್ಯುತ್ ಹರಿಸಬೇಕೆಂದು ನಿರ್ಧರಿಸಲು ಮಾಲೀಕರು ಹೇಳುವ ಎರಡು ಸಂಗತಿಗಳೇ ಆಧಾರ: ಹೊರಡುವ ಹೊತ್ತು, ಬೇಕಾದ ಯೂನಿಟ್. ಇವನ್ನು ಇದ್ದಂತೆಯೇ ಹೇಳುವುದು ಲಾಭಕರವಾಗುವ ಹಾಗೆ ದರವನ್ನೂ ಸರದಿಯ ನಿಯಮವನ್ನೂ ರೂಪಿಸುವುದು ಅರ್ಥಶಾಸ್ತ್ರ, ಕಂಪ್ಯೂಟರ್ ವಿಜ್ಞಾನ ಎರಡಕ್ಕೂ ಸೇರಿದ ಸಮಸ್ಯೆ.

14 ಯೂನಿಟ್ ಬೇಕಿರುವ, ಗಂಟೆಗೆ 7 ಯೂನಿಟ್ ತುಂಬಿಕೊಳ್ಳುವ ಕಾರಿಗೆ 2 ಗಂಟೆ ಸಾಕು. ಅದು 8 ಗಂಟೆ ನಿಲ್ಲುವುದಾದರೆ 6 ಗಂಟೆ ಬಿಡುವಿದೆ. ಬಿಡುವು ಕಡಿಮೆಯಿದ್ದವರಿಗೆ ಮೊದಲ ಸರದಿ ಎಂಬ ನಿಯಮವಿದ್ದಾಗ, ಮಾಲೀಕ ‘ಮೂರೇ ಗಂಟೆ’ ಎಂದರೆ ಬಿಡುವು 1 ಗಂಟೆಗೆ ಇಳಿದು ಕಾರು ಸಾಲಿನ ಮುಂದಕ್ಕೆ ಬರುತ್ತದೆ. ಎಲ್ಲರೂ ಹೀಗೆ ಅವಸರ ತೋರಿಸಿದರೆ ಸರದಿಗೆ ಅರ್ಥವೇ ಉಳಿಯುವುದಿಲ್ಲ. ಬೇಗ ಬಂದಿದ್ದೆ ಎನ್ನುವ ಸುಳ್ಳು ಮಾತ್ರ ನಡೆಯದು. ಪ್ಲಗ್ ಹಾಕಿದ ಹೊತ್ತು ಯಂತ್ರಕ್ಕೆ ಗೊತ್ತು.

ಸರಳ ಪರಿಹಾರವೆಂದರೆ ತಡವಾದ ಗಡುವಿಗೆ ಕಡಿಮೆ ದರ. ಇದಕ್ಕಿಂತ ಆಳವಾದ ದಾರಿಗೆ ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿ ಹರಾಜಿನ ಕುರಿತು ಬರೆದ ಪ್ರಬಂಧ ಮೂಲ: ಒಬ್ಬನಿಂದ ಉಳಿದವರಿಗಾಗುವ ನಷ್ಟವನ್ನೇ ಅವನಿಂದ ವಸೂಲು ಮಾಡಿದರೆ ಸುಳ್ಳಿನಿಂದ ಅವನಿಗೆ ಗಿಟ್ಟುವುದೇನೂ ಇಲ್ಲ. ಆದರೆ ವಾಹನಗಳು ಒಂದೊಂದಾಗಿ ಬರುತ್ತವೆ, ಮುಂದೆ ಯಾರು ಬರುತ್ತಾರೋ ತಿಳಿಯದು, ಹಾಗಾಗಿ ಆ ನಷ್ಟವನ್ನು ಮೊದಲೇ ಲೆಕ್ಕ ಹಾಕಲಾಗದು. ಕಂಪ್ಯೂಟರ್ ವಿಜ್ಞಾನಿ ಎನ್ರಿಕೊ ಗೆರ್ಡಿಂಗ್ ಮತ್ತು ಸಂಗಡಿಗರು 2011ರಲ್ಲಿ ಈ ತೊಡಕನ್ನು ಎತ್ತಿಕೊಂಡು ವಿಚಿತ್ರವಾದ ಉತ್ತರ ಕೊಟ್ಟರು: ನಿಜ ಹೇಳಿಸಬೇಕಾದರೆ ಕೆಲವೊಮ್ಮೆ ಲಭ್ಯವಿರುವ ವಿದ್ಯುತ್ತನ್ನೂ ಯಾರಿಗೂ ಹಂಚದೆ ಬಿಡಬೇಕು. ಗಣಿತಕ್ಕೆ ಇದು ಒಪ್ಪಿತ. ಬ್ಯಾಟರಿ ಅರ್ಧಕ್ಕೆ ನಿಂತ ಗ್ರಾಹಕನಿಗೆ ಒಪ್ಪಿಸುವುದು ಬೇರೆಯೇ ಕೆಲಸ.

ಸ್ವಾರ್ಥವನ್ನಷ್ಟೇ ಲೆಕ್ಕಕ್ಕೆ ಹಿಡಿದ ಈ ಸಿದ್ಧಾಂತಗಳು ಅಸಡ್ಡೆಯನ್ನು ಮರೆತಿವೆ. ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್ ಸಂಸ್ಥೆಯ ನಿಲುಗಡೆಯಲ್ಲಿ ಹೊರಡುವ ಹೊತ್ತನ್ನು ಕೇಳಿ ಸರದಿ ನಿರ್ಧರಿಸುವ ವ್ಯವಸ್ಥೆ 2016ರಲ್ಲಿ ಜಾರಿಗೆ ಬಂತು. ಅಲ್ಲಿ 54 ಚಾರ್ಜರ್‌ಗಳು 150 ಕೆವಿಎ ಟ್ರಾನ್ಸ್‌ಫಾರ್ಮರನ್ನು ಹಂಚಿಕೊಂಡವು. ಬಳಕೆದಾರರು ಆ್ಯಪ್‌ನಲ್ಲಿ ನಮೂದಿಸಿದ ಹೊತ್ತಿಗಿಂತ ಅವರ ಹಿಂದಿನ ದಾಖಲೆಗಳಿಂದ ಊಹಿಸಿದ ಹೊತ್ತೇ ಹೆಚ್ಚು ನಿಖರವಾಗಿತ್ತೆಂದು 2019ರ ಅಧ್ಯಯನ ತೋರಿಸಿತು. ಮೋಸದ ಉದ್ದೇಶವಿಲ್ಲದವನೂ ತಪ್ಪು ಹೊತ್ತು ನಮೂದಿಸಬಲ್ಲ. ದರದ ಆಮಿಷ ಅಂಥವನಿಗೆ ಅಷ್ಟಾಗಿ ನಾಟದು. ದಾಖಲೆಯ ನೆರವಿಗೂ ಮಿತಿಯಿದೆ: ಮೊದಲ ಸಲ ಬಂದವರ ವಿಷಯದಲ್ಲಿ ಯಂತ್ರ ಅವರ ಮಾತನ್ನೇ ನೆಚ್ಚಬೇಕು.