ಸಂದರ್ಭವನ್ನರಿಯುವ ಗಣಕ: ಒಂದು ಚಾರಿತ್ರಿಕ ಅವಲೋಕನ

ಪಠ್ಯದ ಜೊತೆಗೆ ಸಂದರ್ಭವನ್ನೂ ದಾಖಲಿಸಬೇಕೆಂದು ಜಾನಪದ ವಿದ್ವಾಂಸ ಅಲನ್ ಡಂಡೆಸ್ ವಾದಿಸಿದ್ದು 1964ರಲ್ಲಿ. ಮೂವತ್ತು ವರ್ಷಗಳ ತರುವಾಯ ಬಿಲ್ ಶಿಲಿಟ್ ಮತ್ತು ಮಾರ್ವಿನ್ ಥೈಮರ್ ಅದೇ ಪದವನ್ನು ಗಣಕ ವಿಜ್ಞಾನದಲ್ಲಿ ಬಳಸಿದರು. ವ್ಯಕ್ತಿ ಎಲ್ಲಿದ್ದಾನೆ, ಅವನ ಸುತ್ತ ಯಾರಿದ್ದಾರೆ, ಏನಿದೆ ಎಂಬುದನ್ನರಿತು ವರ್ತಿಸುವ ತಂತ್ರಾಂಶ ಅವರ ಲಕ್ಷ್ಯವಾಗಿತ್ತು. ಇದರ ಹಿಂದೆ, ಗಣಕವು ಪರಿಸರದಲ್ಲಿ ಕರಗಿಹೋಗಬೇಕೆಂದು ಮಾರ್ಕ್ ವೈಸರ್ 1991ರಲ್ಲಿ ಮಂಡಿಸಿದ ಸರ್ವವ್ಯಾಪಿ ಗಣಕದ ಪರಿಕಲ್ಪನೆಯಿತ್ತು.

ಈ ಚರಿತ್ರೆಯಲ್ಲಿ ಕೇಂಬ್ರಿಜ್‌ನ ಆಲಿವೆಟ್ಟಿ ಸಂಶೋಧನಾಲಯದ ‘ಆ್ಯಕ್ಟಿವ್ ಬ್ಯಾಡ್ಜ್’ ವಿಶೇಷ ಗಮನಕ್ಕೆ ಅರ್ಹವಾದುದು. ರಾಯ್ ವಾಂಟ್ ಮತ್ತು ಸಂಗಡಿಗರು 1992ರಲ್ಲಿ ಇದರ ವಿವರಗಳನ್ನು ಪ್ರಕಟಿಸಿದರು. ಉದ್ಯೋಗಿಗಳು ಧರಿಸುತ್ತಿದ್ದ ಈ ಬಿಲ್ಲೆ 15 ಸೆಕೆಂಡಿಗೊಮ್ಮೆ, ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಕಾಲ, ಅವಕೆಂಪು ಸಂಕೇತವನ್ನು ಹೊಮ್ಮಿಸುತ್ತಿತ್ತು. ಹೀಗಾಗಿ ಬ್ಯಾಟರಿ ಸುಮಾರು ಒಂದು ವರ್ಷ ಬಾಳುತ್ತಿತ್ತು; ಒಂದೇ ಕೋಣೆಯ ಎರಡು ಬಿಲ್ಲೆಗಳ ಸಂಕೇತಗಳು ಪರಸ್ಪರ ಡಿಕ್ಕಿಯಾಗುವುದೂ ವಿರಳವಾಗಿತ್ತು. ಆದರೆ ವ್ಯಕ್ತಿಯ ನೆಲೆ 15 ಸೆಕೆಂಡುಗಳಷ್ಟು ಹಳೆಯದಾಗಿರಬಹುದಿತ್ತು. ದೂರವಾಣಿ ಕರೆಯನ್ನು ಹತ್ತಿರದ ಉಪಕರಣಕ್ಕೆ ವರ್ಗಾಯಿಸುವ ಸ್ವಾಗತಕಾರಿಣಿಗೆ ಅಷ್ಟು ಸಾಕು. ಕಾರ್ಯಕ್ಷಮತೆಯ ಪ್ರಶ್ನೆ ವೇಗದ್ದೊಂದೇ ಅಲ್ಲ, ಬಳಕೆಯ ಅಗತ್ಯದ್ದೂ ಹೌದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ದೊರೆಯದು.

ಹೊಂದಾಣಿಕೆಯ ಸಮಸ್ಯೆ ಇದಕ್ಕಿಂತ ಕಠಿಣವಾದುದು. 1999ರಲ್ಲಿ ಜಾರ್ಜಿಯಾ ಟೆಕ್‌ನ ಸಾಲ್ಬರ್, ಡೇ ಮತ್ತು ಅಬೌಡ್ ‘ಕಾಂಟೆಕ್ಸ್ಟ್ ಟೂಲ್‌ಕಿಟ್’ ಎಂಬ ತಂತ್ರಾಂಶ ಸಲಕರಣೆಗಳನ್ನು ಪ್ರಕಟಿಸಿದರು. ಸಂವೇದಕ ಯಾವುದೇ ಇರಲಿ, ಅನ್ವಯಕ್ಕೆ ಮಾಹಿತಿ ಏಕರೂಪವಾಗಿ ತಲುಪಬೇಕೆಂಬುದು ಅವರ ಉದ್ದೇಶ. ಬಿಡಿಭಾಗಗಳ ನಡುವಿನ ಸಂವಹನಕ್ಕೆ ಅವರು ಆರಿಸಿದ್ದು ಜಾಲತಾಣಗಳ ಎಚ್‌ಟಿಟಿಪಿ ಮತ್ತು ಎಕ್ಸ್‌ಎಂಎಲ್. ಯಾವ ಯಂತ್ರವೂ ಓದಬಲ್ಲ ಈ ಪಠ್ಯರೂಪಕ್ಕೆ ತೆತ್ತ ಬೆಲೆ, ಪ್ರತಿ ಸಂದೇಶವನ್ನೂ ಬಿಡಿಸಿ ಓದುವ ಹೆಚ್ಚಿನ ಹೊರೆ. ಇಲಿನಾಯ್ ವಿಶ್ವವಿದ್ಯಾಲಯದ ‘ಗಾಯಾ’ ವ್ಯವಸ್ಥೆ ಕೋರ್ಬಾವನ್ನು ಅವಲಂಬಿಸಿತು. ಸನ್ ಸಂಸ್ಥೆಯ ‘ಜಿನಿ’ ಜಾವಾವನ್ನು. ಒಂದೊಂದು ಪ್ರಯೋಗಾಲಯಕ್ಕೆ ಒಂದೊಂದು ಆಡುನುಡಿ ಎಂಬಂತಾಯಿತು.

ವಾಸ್ತವವಾಗಿ ತೊಡಕು ಸಂದೇಶ ತಲುಪುವುದರಲ್ಲಿರಲಿಲ್ಲ, ತಲುಪಿದ್ದರ ಅರ್ಥದಲ್ಲಿತ್ತು. ‘ಕೋಣೆ’ ಎಂದರೆ ಒಂದು ವ್ಯವಸ್ಥೆಗೆ ಅವಕೆಂಪು ಗ್ರಾಹಕದ ವ್ಯಾಪ್ತಿ, ಇನ್ನೊಂದಕ್ಕೆ ಭೂಪಟದ ಮೇಲಿನ ಒಂದು ಬಿಂದು. ಹಾಡಿನ ಧ್ವನಿಮುದ್ರಿಕೆಯೊಂದೇ ಕೈಸೇರಿದಾಗ ಅದು ಬೀಸುವಾಗ ಹಾಡಿದ್ದೋ ಸೋಬಾನೆಯಲ್ಲಿ ಹಾಡಿದ್ದೋ ತಿಳಿಯದೆ ಕ್ಷೇತ್ರಕಾರ್ಯದ ವಿದ್ಯಾರ್ಥಿ ಪಡುವ ಪಾಡು ಇದಕ್ಕೆ ಸಮೀಪದ್ದು. 2022ರಲ್ಲಿ ಮೊದಲ ಆವೃತ್ತಿ ಕಂಡ ‘ಮ್ಯಾಟರ್’ ಮಾನಕವು ಮನೆಯ ಉಪಕರಣಗಳ ಮಟ್ಟಿಗೆ ಸಾಮಾನ್ಯ ನುಡಿಯೊಂದನ್ನು ಒದಗಿಸಿತು. ಕೋಣೆಯಲ್ಲಿ ಯಾರೋ ಇದ್ದಾರೆಂಬ ಸೂಚನೆ ಅದರ ಮೂಲಕ ಒಂದು ಸಂಸ್ಥೆಯ ಸಂವೇದಕದಿಂದ ಇನ್ನೊಂದರ ದೀಪಕ್ಕೆ ಹೋಗಬಲ್ಲದು. ಅವರು ಓದುತ್ತಿದ್ದಾರೆಯೇ, ರೋಗಿಯ ಬಳಿ ಕುಳಿತಿದ್ದಾರೆಯೇ ಎಂಬುದು ಆ ಸೂಚನೆಯಲ್ಲಿರುವುದಿಲ್ಲ.