ಶ್ರೀರಂಗಪಟ್ಟಣದಲ್ಲಿ ಅಜ್ಜಿಯ ಕಥೆ ಹುಡುಕುತ್ತಾ



ಕಾಸರಗೋಡಿನ ನಮ್ಮಂಥ ಎಷ್ಟೋ ಕ್ರೈಸ್ತ ಮನೆಗಳಲ್ಲಿ ಶ್ರೀರಂಗಪಟ್ಟಣ ಪ್ರವಾಸಿ ಸ್ಥಳದ ಹೆಸರಲ್ಲ, ಒಂದು ನೋವಿನ ಹೆಸರು. ರಾತ್ರಿ ಜಪಸರ ಮುಗಿದ ಮೇಲೆ ನನ್ನ ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ನಮ್ಮ ಹಿರಿಯರನ್ನು ಘಟ್ಟ ಹತ್ತಿಸಿ ನಡೆಸಿಕೊಂಡು ಹೋದದ್ದು ಆ ಊರಿಗೇ. ಹಾಗಾಗಿ ಕಾಲೇಜಿನ ಗೆಳೆಯರು ಏಳು ಮಂದಿ ಅಲ್ಲಿಗೆ ಹೊರಟಾಗ ನನ್ನ ಮನಸ್ಸಿನಲ್ಲಿ ಬೇರೆಯೇ ಲೆಕ್ಕ ಇತ್ತು. ನಮ್ಮ ಗುಂಪಿನಲ್ಲಿ ಒಬ್ಬ ಮುಸ್ಲಿಂ ಗೆಳೆಯನೂ ಇದ್ದ. ಸುಳ್ಯ, ಮಡಿಕೇರಿ ದಾಟುವಾಗ ಎಲ್ಲರೂ ಹಾಡುತ್ತಿದ್ದರು. ನಾನು ಮಾತ್ರ ಕಿಟಕಿಯ ಹೊರಗಿನ ಕಾಡು ನೋಡುತ್ತಿದ್ದೆ.

ಕಾವೇರಿಯ ನಡುವಿನ ದ್ವೀಪ ಇದು. 1610ರಲ್ಲಿ ರಾಜ ಒಡೆಯರು ವಶಪಡಿಸಿಕೊಂಡ ಮೇಲೆ 1799ರವರೆಗೆ ಮೈಸೂರು ರಾಜ್ಯದ ರಾಜಧಾನಿ. ರಂಗನಾಥಸ್ವಾಮಿಯ ಗೋಪುರ, ಜುಮ್ಮಾ ಮಸೀದಿಯ ಎರಡು ಮಿನಾರುಗಳು ಒಂದೇ ಕೋಟೆಯೊಳಗಿವೆ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಹೋರಾಡುತ್ತಾ ಮಡಿದ ಜಾಗವೂ ಅಲ್ಲೇ ಹತ್ತಿರ.

"ನಿನ್ನ ಅಜ್ಜಿ ಹೇಳಿದ ಜಾಗ ಎಲ್ಲಿ ಮಾರಾಯಾ?" ಎಂದು ಆ ಗೆಳೆಯ ಕೇಳಿದ. ತೋರಿಸಲು ನನಗೆ ಒಂದು ಜಾಗವೂ ಗೊತ್ತಿರಲಿಲ್ಲ. ಕೋಟೆಯ ನೆರಳಲ್ಲಿ ಕೂತು, ಗೊತ್ತಿದ್ದಷ್ಟು ಹೇಳಿದೆ.

ಎರಡನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರು ಎಂಬ ಆರೋಪದ ಮೇಲೆ 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿದ. ಅದು ವಿಭೂತಿ ಬುಧವಾರದ ಹೊತ್ತು ಎಂದು ನಮ್ಮ ಪರಂಪರೆ ನೆನೆಯುತ್ತದೆ. ಎಷ್ಟು ಜನ? ವಿಲ್ಕ್ಸ್ ಎಂಬ ಇಂಗ್ಲಿಷ್ ಇತಿಹಾಸಕಾರ ಕೊಡುವ ಲೆಕ್ಕ 30,000, ಬೇರೆ ಬರಹಗಳಲ್ಲಿ 60,000. ಇಗರ್ಜಿಗಳು ನೆಲಸಮವಾದವು. ಮುದುಕರು, ಮಕ್ಕಳು, ಬಸುರಿಯರು ನಡೆದೇ ಘಟ್ಟ ಹತ್ತಿದರು. ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಸಾವಿರಾರು. ಅನೇಕರನ್ನು ಬಲವಂತವಾಗಿ ಮತಾಂತರಿಸಲಾಯಿತು. ಹದಿನೈದು ವರ್ಷಗಳ ಸೆರೆವಾಸ ಅದು.

ಹೇಳಿ ಮುಗಿಸಿದಾಗ ಯಾರೂ ಮಾತಾಡಲಿಲ್ಲ. ನನ್ನ ಗೆಳೆಯನ ಮುಖ ನೋಡಲು ನನಗೇ ಮುಜುಗರವಾಯಿತು. ಇನ್ನೂರು ವರ್ಷಗಳ ಹಿಂದಿನ ಒಬ್ಬ ಅರಸನ ಕೆಲಸಕ್ಕೆ ಇವನು ಯಾಕೆ ತಲೆ ತಗ್ಗಿಸಬೇಕು?

ಅಲ್ಲಿಂದ ದರಿಯಾ ದೌಲತ್ ಅರಮನೆಗೆ ಹೋದೆವು. 1780ರ ಪೊಲ್ಲಿಲೂರು ಯುದ್ಧದಲ್ಲಿ ಇಂಗ್ಲಿಷರು ಸೋತ ದೃಶ್ಯ ಗೋಡೆ ತುಂಬಾ ಇದೆ. ಆದರೆ ನನ್ನನ್ನು ಕಾಡಿದ್ದು 1792ರ ಸಂಗತಿ. ಸೋತ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿದ, ತನ್ನ ಇಬ್ಬರು ಪುಟ್ಟ ಗಂಡುಮಕ್ಕಳನ್ನು ಕಾರ್ನ್‌ವಾಲಿಸ್‌ಗೆ ಒತ್ತೆಯಿಟ್ಟ. ನಮ್ಮ ತಾಯಂದಿರು ಮಕ್ಕಳಿಗಾಗಿ ಅತ್ತ ಊರಿನಲ್ಲೇ ಅರಮನೆಯ ತಾಯಂದಿರೂ ಅತ್ತಿರಬೇಕು. ಇದೇ ಟಿಪ್ಪು 1791ರಲ್ಲಿ ಮರಾಠಾ ಸೈನ್ಯ ಶೃಂಗೇರಿ ಮಠವನ್ನು ದೋಚಿದಾಗ ಸ್ವಾಮಿಗಳಿಗೆ ಪತ್ರ ಬರೆದು ನೆರವು ಕಳುಹಿಸಿದವನು. ಅದು ನಮ್ಮ ಹಿರಿಯರ ನೋವನ್ನು ಅಳಿಸುವುದಿಲ್ಲ. ನಮ್ಮ ನೋವು ಅದನ್ನೂ ಅಳಿಸಬಾರದು.

ದ್ವೀಪದ ಪೂರ್ವ ತುದಿಯ ಗುಂಬಜ್‌ನಲ್ಲಿ ಗೆಳೆಯ ಒಳಗೆ ಹೋಗಿ ಪ್ರಾರ್ಥಿಸಿದ. ನಾವು ಹೊರಗೆ ಕಾದೆವು. ಆಮೇಲೆ ಗಂಜಾಮಿನ ಹಳೆಯ ಇಗರ್ಜಿಗೆ ಹೋದಾಗ ಅವನು ನಮ್ಮ ಜೊತೆ ಕೊನೆಯ ಬೆಂಚಿನಲ್ಲಿ ಸುಮ್ಮನೆ ಕೂತ.

ಆ ಇಗರ್ಜಿಯ ನೆನಪು ಬೆಸೆದಿರುವುದು ಫ್ರೆಂಚ್ ಧರ್ಮಗುರು ಅಬ್ಬೆ ದ್ಯುಬುವಾ ಅವರ ಜೊತೆ. ಟಿಪ್ಪುವಿನ ಪತನದ ನಂತರ ಅವರು ಇಲ್ಲಿಗೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದರು. ಜನ ಅವರನ್ನು 'ದೊಡ್ಡ ಸ್ವಾಮಿಯವರು' ಎಂದು ಕರೆದರು. ಅವರ ಕೆಲಸ ಅಷ್ಟಕ್ಕೇ ನಿಲ್ಲಲಿಲ್ಲ. ಜೆನ್ನರ್ ಅವರ ಸಿಡುಬಿನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. 1803-04ರಲ್ಲೇ ಅವರು ಮೈಸೂರು ಸೀಮೆಯಲ್ಲಿ 25,000ಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದರು. ಸಿಡುಬು ಜಾತಿ ಮತ ಕೇಳುವುದಿಲ್ಲ. ಆ ಲಸಿಕೆಯೂ ಕೇಳಲಿಲ್ಲ. ಗಾಯಗೊಂಡ ಸಮುದಾಯವನ್ನು ಕಟ್ಟಲು ಬಂದವರು ಆ ಸಮುದಾಯದ ಬೇಲಿಯೊಳಗೇ ಉಳಿಯಲಿಲ್ಲ.

ಮರಳುವಾಗ ವಿರಾಜಪೇಟೆಯಲ್ಲಿ ನಿಂತೆವು. ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ನೆಲೆ ಕೊಟ್ಟವರು ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ. 1792ರಲ್ಲಿ ಶುರುವಾದ ಅಲ್ಲಿನ ಸಂತ ಅನ್ನಮ್ಮನವರ ಇಗರ್ಜಿ ಅದಕ್ಕೆ ಸಾಕ್ಷಿ. ಅಜ್ಜಿಯ ಕಥೆಯಲ್ಲಿ ಹಿಡಿದವರ ಹೆಸರಿತ್ತು. ಬಾಗಿಲು ತೆರೆದ ಈ ಅರಸನ ಹೆಸರು ಇರಲಿಲ್ಲ.

ಗೆಳೆಯರೇ, ಹಿರಿಯರ ಕಣ್ಣೀರನ್ನು ಮರೆಯೋಣ ಎಂದು ನಾನು ಹೇಳುತ್ತಿಲ್ಲ. ಮರೆತರೆ ಅದು ಅವರಿಗೆ ಮಾಡುವ ಅನ್ಯಾಯ. ಆದರೆ ಆ ಕಣ್ಣೀರಿನ ಸಾಲವನ್ನು ಪಕ್ಕದ ಮನೆಯವರಿಂದ ವಸೂಲಿ ಮಾಡಲು ಶಿಲುಬೆಯ ಮೇಲಿಂದ ಕ್ಷಮಿಸಿದವರ ಹಿಂಬಾಲಕರಿಗೆ ಹಕ್ಕಿಲ್ಲ. ಈ ತಪಸ್ಸುಕಾಲದಲ್ಲಿ ನಿಮ್ಮ ಮನೆಯ ಅಜ್ಜ ಅಜ್ಜಿಯರ ಬಳಿ ಕೂತು ಸೆರೆವಾಸದ ಕಥೆ ಕೇಳಿ, ಬರೆದಿಡಿ. ಕೊನೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಆಗ ನಮಗೆ ಆಸರೆ ಕೊಟ್ಟವರು ಯಾರು?