ಹೊಸ್ತಿಲು ದಾಟಿದ ದಾವೆಗಳು

ಕೃತಿಸ್ವಾಮ್ಯವನ್ನು ಉಲ್ಲಂಘಿಸಿದವರಿಗೆಂದು ಅಮೆರಿಕದ ಕಾನೂನು ಹೆಣೆದ ದಂಡವು ಬಹುಕಾಲ ಮನೆಯ ಹೊಸ್ತಿಲಿನಾಚೆಯೇ ಇತ್ತು. 1909ರ ಕಾಯಿದೆಯು ‘ಶಾಸನಬದ್ಧ ಪರಿಹಾರ’ಕ್ಕೆ, ಅಂದರೆ ವಾದಿಗೆ ನಿಜವಾಗಿ ಆದ ನಷ್ಟವೆಷ್ಟೆಂದು ಕೇಳದೆ ಕಾಯಿದೆಯೇ ಗೊತ್ತುಮಾಡುವ ಮೊತ್ತಕ್ಕೆ ಅವಕಾಶ ಕೊಟ್ಟಾಗ, ಅದರ ಕಣ್ಣಮುಂದಿದ್ದವರು ಪರರ ಪುಸ್ತಕವನ್ನು ಅಚ್ಚುಹಾಕಿ ಮಾರುವ ಮುದ್ರಕರು ಮತ್ತು ಅನುಮತಿಯಿಲ್ಲದೆ ನಾಟಕವಾಡುವ ಮಂಡಳಿಗಳು. 1992ರಲ್ಲಿ ಬಂದ ಗೃಹ ಧ್ವನಿಮುದ್ರಣ ಕಾಯಿದೆಯೂ ಡಿಜಿಟಲ್ ಧ್ವನಿಮುದ್ರಣಯಂತ್ರಗಳ ತಯಾರಕರಿಂದ ರಾಯಧನ ವಸೂಲು ಮಾಡಿ, ಆ ಯಂತ್ರಗಳಲ್ಲಿ ಲಾಭದಾಸೆಯಿಲ್ಲದೆ ನಕಲು ಮಾಡಿಕೊಳ್ಳುವ ಕೇಳುಗರನ್ನು ದಾವೆಯಿಂದ ಹೊರಗಿಟ್ಟಿತು. ಆದರೆ 1999ರ ತಿದ್ದುಪಡಿಯು ಪರಿಹಾರವನ್ನು ಕೃತಿಯೊಂದಕ್ಕೆ 750ರಿಂದ 30,000 ಡಾಲರ್‌ಗೆ, ತಿಳಿದೂ ಮಾಡಿದ ಉಲ್ಲಂಘನೆಗೆ 1,50,000 ಡಾಲರ್‌ವರೆಗೆ ಏರಿಸಿದಾಗ, ಮಾರುವವರಿಗೂ ಮನೆಯಲ್ಲಿ ಕುಳಿತು ಕೇಳುವವರಿಗೂ ನಡುವಿನ ಅಂತರವನ್ನು ಅದು ಗಣಿಸಲಿಲ್ಲ.

ಅದೇ ವರ್ಷ ಬಂದ ನ್ಯಾಪ್‌ಸ್ಟರ್ ತಂತ್ರಾಂಶವು ಬಳಕೆದಾರರ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ ಹಾಡುಗಳ ವಿನಿಮಯಕ್ಕೆ ದಾರಿ ತೆರೆಯಿತು. ನ್ಯಾಯಾಲಯವು 2001ರಲ್ಲಿ ಅದನ್ನು ತಡೆದಾಗ, ನಡುವೆ ಯಾವ ಕೇಂದ್ರ ಸೂಚಿಯೂ ಇಲ್ಲದ ಕಜಾ, ಗ್ರೋಕ್‌ಸ್ಟರ್‌ನಂಥ ಜಾಲಗಳು ಅದರ ಜಾಗಕ್ಕೆ ಬಂದವು. 2003ರ ಏಪ್ರಿಲ್‌ನಲ್ಲಿ ಲಾಸ್ ಏಂಜಲಿಸ್‌ನ ನ್ಯಾಯಾಧೀಶರೊಬ್ಬರು ಗ್ರೋಕ್‌ಸ್ಟರ್ ಹೊಣೆಯಲ್ಲವೆಂದು ತೀರ್ಪಿತ್ತರು. ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿದ್ದು 2005ರಲ್ಲಿ. ಈ ನಡುವಿನ ಅವಧಿಯಲ್ಲಿಯೇ, 2003ರ ಸೆಪ್ಟೆಂಬರ್ 8ರಂದು, ಅಮೆರಿಕದ ಧ್ವನಿಮುದ್ರಣ ಉದ್ಯಮ ಸಂಘದ ಸದಸ್ಯ ಕಂಪನಿಗಳು 261 ವ್ಯಕ್ತಿಗಳ ಮೇಲೆ ದಾವೆ ಹೂಡಿದವು. 2008ರ ಹೊತ್ತಿಗೆ ಗುರಿಯಾದವರ ಸಂಖ್ಯೆ ಸುಮಾರು 35,000ಕ್ಕೆ ಮುಟ್ಟಿತು.

ಈ ದಾವೆಗಳ ನೈತಿಕ ದೋಷದ ಬೇರು ಇದ್ದದ್ದು ಸಾಕ್ಷ್ಯದಲ್ಲಿ. ಕಂಪನಿಗಳ ಕೈಗೆ ಸಿಗುತ್ತಿದ್ದುದು ಐಪಿ ವಿಳಾಸ, ಅಂದರೆ ಅಂತರಜಾಲಕ್ಕೆ ಸೇರುವ ಪ್ರತಿ ಸಂಪರ್ಕಕ್ಕೂ ಸೇವಾದಾರರು ಕೊಡುವ ಅಂಕಿಗಳ ಗುರುತು. ಅದು ಸಂಪರ್ಕವನ್ನು ತೋರಿಸುತ್ತದೆಯೇ ಹೊರತು ಮನುಷ್ಯರನ್ನಲ್ಲ. ಚಂದಾ ಕಟ್ಟುವವರು ತಾಯಿಯೋ ಅಜ್ಜಿಯೋ ಆಗಿದ್ದು, ಕಂಪ್ಯೂಟರಿನ ಮುಂದೆ ಕುಳಿತವರು ಮಗನೋ ಮಗಳ ಗೆಳತಿಯೋ ಆಗಿರುತ್ತಿದ್ದರು. ಇಳಿಸಿಕೊಂಡ ಹಾಡನ್ನು ಕಜಾ ತಾನಾಗಿಯೇ ಇತರರಿಗೂ ತೆರೆದಿಡುತ್ತದೆಂಬುದು ಅವರಲ್ಲಿ ಅನೇಕರಿಗೆ ತಿಳಿದಿರಲಿಲ್ಲ. ಮೊದಲ ಕಂತಿನಲ್ಲಿಯೇ ನ್ಯೂಯಾರ್ಕಿನ ಸರಕಾರಿ ವಸತಿಯಲ್ಲಿದ್ದ ಹನ್ನೆರಡು ವರ್ಷದ ಬಾಲಕಿಯೊಬ್ಬಳು ಸಿಕ್ಕಿಬಿದ್ದು, ಆಕೆಯ ತಾಯಿ 2,000 ಡಾಲರ್‌ಗೆ ರಾಜಿಯಾಗಬೇಕಾಯಿತು. ಕಜಾ ನಡೆಯಲಾಗದ ಕಂಪ್ಯೂಟರ್ ಇಟ್ಟುಕೊಂಡಿದ್ದ ಮಹಿಳೆಯೊಬ್ಬರ ಮೇಲೆ ಹೂಡಿದ ದಾವೆಯನ್ನು ಅದೇ ತಿಂಗಳು ಹಿಂತೆಗೆದುಕೊಳ್ಳಲಾಯಿತು. 2006ರಲ್ಲಿ ಮಿಷಿಗನ್‌ನ ಪ್ರತಿವಾದಿಯೊಬ್ಬರು ವಿಚಾರಣೆಯ ನಡುವೆ ತೀರಿಕೊಂಡಾಗ, ಮಕ್ಕಳ ಹೇಳಿಕೆ ಪಡೆಯುವ ಮುನ್ನ ಮನೆಯವರು ದುಃಖಿಸಲೆಂದು ಅರವತ್ತು ದಿನಗಳ ಬಿಡುವು ಕೊಡಬೇಕೆಂದು ಕಂಪನಿಗಳ ವಕೀಲರು ಕೋರಿದ್ದು ದಾಖಲೆಯಲ್ಲಿದೆ. ಸಾರ್ವಜನಿಕರು ಸಿಟ್ಟಿಗೆದ್ದ ಮೇಲೆ ಆ ದಾವೆಯನ್ನು ಕೈಬಿಡಲಾಯಿತು. ಶೋಕಕ್ಕೆ ಗಡುವು ಹಾಕುವ ಮಟ್ಟಕ್ಕೆ ವಕೀಲಿ ಇಳಿಯಬಾರದಿತ್ತು.

ಹಾಡುಗಾರರ ದೂರು ಸುಳ್ಳಾಗಿರಲಿಲ್ಲವೆಂಬುದನ್ನು ಇಲ್ಲಿ ಮರೆಯಲಾಗದು. ಸಾವಿರಾರು ಹಾಡುಗಳನ್ನು ಲೋಕಕ್ಕೆಲ್ಲ ಬಿಟ್ಟಿಯಾಗಿ ತೆರೆದಿಟ್ಟವರಿದ್ದರು, ಹಾಡು ಬರೆದವರ, ನುಡಿಸಿದವರ ದುಡಿಮೆಗೆ ಬೆಲೆ ಸಲ್ಲಲೇಬೇಕು. ಆದರೆ ನ್ಯಾಯವಾದ ಹಕ್ಕನ್ನು ಸಾಧಿಸಿದ ಬಗೆ ಅನ್ಯಾಯದ್ದಾಗಿತ್ತು. ಕೆಲವು ಸಾವಿರ ಡಾಲರ್‌ಗೆ ರಾಜಿ ಸಿಗುತ್ತಿದ್ದು, ವಕೀಲರನ್ನಿಟ್ಟು ಹೋರಾಡಿದರೆ ಅದರ ಹಲವು ಪಟ್ಟು ಖರ್ಚಾಗುತ್ತಿದ್ದುದರಿಂದ, ತಪ್ಪು ಮಾಡದವರಿಗೂ ಹಣ ಕೊಟ್ಟು ಕೈತೊಳೆದುಕೊಳ್ಳುವುದೇ ಅಗ್ಗವಾಯಿತು. ಹೀಗಾಗಿ ಬಹುಪಾಲು ಪ್ರಕರಣಗಳಲ್ಲಿ ಆರೋಪದ ಸತ್ಯಾಸತ್ಯತೆ ಪರೀಕ್ಷೆಗೇ ಬರಲಿಲ್ಲ. ಹೋರಾಡಿದರೆ ಪಾರಾಗಬೇಕಾದ ದಾರಿ ಇನ್ನೂ ಕಠೋರವಾದುದು: ತಾನಲ್ಲವೆಂದು ಹೇಳುವ ತಾಯಿ, ಹಾಗಾದರೆ ಯಾರೆಂಬ ಪ್ರಶ್ನೆಗೆ ತನ್ನ ಮಗುವಿನತ್ತ ಬೆರಳು ತೋರಬೇಕಿತ್ತು. 2005ರಲ್ಲಿ ನ್ಯೂಯಾರ್ಕಿನ ಐದು ಮಕ್ಕಳ ತಾಯಿಯೊಬ್ಬರು ರಾಜಿಗೆ ಒಪ್ಪದೆ ನಿಂತಾಗ, ಮರುವರ್ಷ ಅವರ ಇಬ್ಬರು ಮಕ್ಕಳ ಮೇಲೆಯೇ ದಾವೆ ಬಿತ್ತು. ಒಕ್ಲಹೋಮದ ಇನ್ನೊಬ್ಬ ತಾಯಿಯ ವಿಷಯದಲ್ಲಿ ಕಂಪನಿಗಳು ಖಾತೆ ಅವರ ಹೆಸರಿನಲ್ಲಿರುವುದರಿಂದಲೇ ಹೊಣೆಯೂ ಅವರದೆಂದು ವಾದಿಸಿದವು. ನ್ಯಾಯಾಧೀಶ ಲೀ ವೆಸ್ಟ್ ಅದನ್ನು ಒಪ್ಪದೆ, 2007ರಲ್ಲಿ ಆಕೆಯ ವಕೀಲರ ಶುಲ್ಕವಾಗಿ 68,000ಕ್ಕೂ ಹೆಚ್ಚು ಡಾಲರ್ ಕೊಡುವಂತೆ ಕಂಪನಿಗಳಿಗೇ ಆದೇಶಿಸಿದರು.

ತೀರ್ಪುಗಾರರ ಮಂಡಳಿಯ ಮುಂದೆ ಹೋದ ಮೊದಲ ಪ್ರಕರಣ ಮಿನಸೋಟದ ಮಹಿಳೆಯೊಬ್ಬರದು. 24 ಹಾಡುಗಳಿಗೆ 2007ರಲ್ಲಿ 2,22,000 ಡಾಲರ್, ಮರುವಿಚಾರಣೆಯಾದ 2009ರಲ್ಲಿ 19,20,000, ಮೂರನೆಯ ಬಾರಿ 2010ರಲ್ಲಿ 15,00,000 ಡಾಲರ್ ಪರಿಹಾರ ವಿಧಿಸಲಾಯಿತು. ಹಾಡೊಂದು 99 ಸೆಂಟಿಗೆ ಮಾರಾಟವಾಗುತ್ತಿದ್ದ ಕಾಲವದು. ನ್ಯಾಯಾಧೀಶ ಮೈಕೆಲ್ ಡೇವಿಸ್ 2008ರಲ್ಲಿಯೇ, ಲಾಭವನ್ನು ಬಯಸದ ವ್ಯಕ್ತಿಗಳಿಗೆ ಇಂಥ ಪರಿಹಾರ ತಕ್ಕುದಲ್ಲವೆಂದು ಬರೆದು, ಕಾಯಿದೆಯನ್ನು ತಿದ್ದುವಂತೆ ಶಾಸಕಾಂಗವನ್ನು ಬೇಡಿಕೊಂಡಿದ್ದರು. ಮುಂದೆ ಮೊತ್ತವನ್ನು 54,000ಕ್ಕೆ ಇಳಿಸಿದರು.

2008ರ ಡಿಸೆಂಬರಿನಲ್ಲಿ ಸಂಘವು ಹೊಸ ದಾವೆಗಳ ಪರಿಪಾಠವನ್ನು ಕೈಬಿಡುತ್ತಿರುವುದಾಗಿ ಪ್ರಕಟಿಸಿದರೂ ಹಳೆಯವು ಮುಂದುವರಿದವು. 2012ರಲ್ಲಿ ಮೇಲ್ಮನವಿ ನ್ಯಾಯಾಲಯವು ಮಿನಸೋಟದ ಪ್ರಕರಣದಲ್ಲಿ 2,22,000 ಡಾಲರನ್ನೇ ಮತ್ತೆ ಸ್ಥಾಪಿಸಿತು. ಆ ಮೊತ್ತ ಸಂವಿಧಾನಬದ್ಧವೇ ಎಂದು ಅಳೆಯಲು ಅದು ಬಳಸಿದ ಮಾನದಂಡ 1919ರ ಒಂದು ತೀರ್ಪಿನದು: ಆರ್ಕನ್ಸಾದಲ್ಲಿ ರೈಲ್ವೆ ಕಂಪನಿಯೊಂದು ಇಬ್ಬರು ಸೋದರಿಯರಿಂದ ತಲಾ 66 ಸೆಂಟು ಹೆಚ್ಚು ಪ್ರಯಾಣದರ ಪಡೆದುದಕ್ಕೆ ತಲಾ 75 ಡಾಲರ್ ದಂಡ ತೆತ್ತ ಪ್ರಕರಣ. ಬಲಾಢ್ಯ ಕಂಪನಿಯಿಂದ ಸಾಮಾನ್ಯ ಪ್ರಯಾಣಿಕರನ್ನು ಕಾಯಲು ಹುಟ್ಟಿದ ದಂಡವನ್ನು ಎತ್ತಿಹಿಡಿದ ಆ ತೀರ್ಪು, ಕಂಪನಿಗಳ ಪರವಾಗಿ ಸಾಮಾನ್ಯ ಹೆಂಗಸೊಬ್ಬರ ಮೇಲೆ ತಿರುಗಿತು. 2013ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆಕೆಯ ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಳ್ಳಲು ನಿರಾಕರಿಸಿತು. ಡೇವಿಸ್ ಬೇಡಿದ ತಿದ್ದುಪಡಿ ಬರಲಿಲ್ಲ.